ಪಕ್ಕವಾದ್ಯವಿಲ್ಲದ ಸಂಗೀತ

ನನ್ನ ಭಾವನನ್ನು ಎಲ್ಲರೂ ದೇವರಂಥ ಮನುಷ್ಯ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೂವತ್ತರ ದಶಕದ ಮಾತು. ಅಕ್ಕನ ಗಂಡನಾದ ಈ ಭಾವ ಶ್ರೀರಂಗಪಟ್ಟಣದವರು, ಮೈಸೂರಿನ ಒಂದು ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು. ರಾಮನವಮಿ ಬಂತೆಂದರೆ ಅದೇ ಪಿಟೀಲನ್ನು ನಮ್ಮ ಶ್ರುತಿಗೆ ಕೂಡಿಸಿ ಕಚೇರಿಗೂ ಕೂರುತ್ತಿದ್ದರು. ಮೀಸೆ ಚಿಗುರುವ ಮೊದಲಿನಿಂದ ಅವರ ಪಕ್ಕದಲ್ಲಿ ಕೂತು ನಾನು ಕಲಿತದ್ದು ಒಂದೇ ಪಾಠ. ಅವರು ಹುಬ್ಬು ಎತ್ತಿದರೆ ನಾನು ಕಮಾನು ನಿಲ್ಲಿಸಬೇಕು.

ಆ ವೃಂದದ ತಂತಿವಾದ್ಯದವರ ಸಾಲಿನಲ್ಲಿ ಒಂದು ಜಾಗ ತೆರವಾಯಿತು. ಹಿರೋಡೆಯ ಶಾಲೆಯಲ್ಲಿ ಮೇಷ್ಟರಾಗಿ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡು ಸಾಕಾಗಿದ್ದ ನನಗೆ ಆ ಜಾಗ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ವೃಂದದ ಯಜಮಾನ, ಒಬ್ಬ ಬಿಳಿಯ ದೊರೆ, ನಾವು ಮೂವರು ಕೂಡಿ ನುಡಿಸುವುದನ್ನು ಕೇಳಲು ಭಾವನ ಮನೆಗೇ ಬರುತ್ತೇನೆಂದ. ಭಾವನದು ಪಿಟೀಲು. ನನ್ನದು ವಯೋಲಾ, ಪಿಟೀಲಿಗಿಂತ ತುಸು ದೊಡ್ಡದು, ದನಿ ತಗ್ಗು. ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದ ಅರಕೆರೆಯ ಗೆಳೆಯನೊಬ್ಬನದು ಚೆಲ್ಲೊ. ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವ ಆ ವಾದ್ಯವನ್ನು ಅವನು ಪ್ರತಿ ಭಾನುವಾರ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ತರುತ್ತಿದ್ದ.

ನಾವು ನುಡಿಸಬೇಕಿದ್ದ ಆ ಪಾಶ್ಚಾತ್ಯ ಸಂಗೀತದಲ್ಲಿ ಪಕ್ಕವಾದ್ಯ ಅನ್ನುವುದೇ ಇಲ್ಲ. ಮೂವರಿಗೂ ಸಮಪಾಲು. ಸ್ವರ ಬರೆದ ಕಾಗದದ ಮೇಲೆ ಹಾಗೆಂದೇ ಇತ್ತು. ಎರಡನೆಯ ಭಾಗದ ನಿಧಾನದ ರಾಗವಂತೂ ನನ್ನಿಂದಲೇ ಶುರುವಾಗಬೇಕು. ಭಾವ ಮಾತ್ರ ನಡುವೆ ಕುರ್ಚಿ ಹಾಕಿಕೊಂಡು ನಮ್ಮಿಬ್ಬರನ್ನು ಒಂದು ಮೊಳ ಹಿಂದೆ ಕೂರಿಸಿದರು. ಅಭ್ಯಾಸದಲ್ಲಿ ನನ್ನ ರಾಗ ಬಂದಾಗೆಲ್ಲ ಹುಬ್ಬು ಎತ್ತಿ ತಾವೇ ನುಡಿಸಿಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ.

"ಪಕ್ಕದೋನು ಮೊದ್ಲು ಸುರು ಮಾಡುದ್ರೆ ನೋಡ್ದೋರು ಏನಂದಾರು? ಸುಮ್ಕಿರ್ಲಾ" ಅಂದರು.

ದೊರೆಯ ಮುಂದೆ ಹಾಗೆ ಮಾಡಲಾರರು ಎಂದುಕೊಂಡೆ. ನನ್ನ ದಡ್ಡತನ.

ದೊರೆ ಬಂದು ಜಗಲಿಯ ಮೇಲೆ ಕೂತ. ಮೊದಲನೆಯ ಭಾಗ ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೆ ಕಮಾನನ್ನು ತಂತಿಯ ಮೇಲೆ ಇಟ್ಟಿದ್ದೆ, ಉಸಿರೂ ಎಳೆದುಕೊಂಡಿದ್ದೆ. ಭಾವ ತಿರುಗಿ ಹುಬ್ಬು ಎತ್ತಿದರು. ನನ್ನ ಕೈ ನಿಂತಿತು. ಹನ್ನೆರಡು ವರ್ಷ ಆ ಹುಬ್ಬಿಗೆ ನಿಂತು ಪಳಗಿದ ಕೈ, ಹೇಳದೆ ಕೇಳದೆ ನಿಂತುಬಿಟ್ಟಿತು. ಅವರು ಕಣ್ಣು ಮುಚ್ಚಿ ನನ್ನ ರಾಗವನ್ನು ನುಡಿಸಿದರು. ಬಹಳ ಚೆನ್ನಾಗಿ ನುಡಿಸಿದರು, ಹಾಳಾಗಿ ಹೋಗಲಿ.

ಮುಗಿದ ಮೇಲೆ ದೊರೆ ಎದ್ದು ಬಂದು ನನ್ನ ಮುಂದಿದ್ದ ಕಾಗದ ನೋಡಿದ. ಇದು ನಿನ್ನದಲ್ಲವೇ, ಯಾಕೆ ನುಡಿಸಲಿಲ್ಲ ಎಂದು ಅರೆಬರೆ ಕನ್ನಡದಲ್ಲಿ ಕೇಳಿದ. ಬಾಗಿಲಲ್ಲಿ ಅಕ್ಕ ಕಾಫಿಯ ಲೋಟ ಹಿಡಿದು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಮರೆತುಹೋಯಿತು ಎಂದೆ. ಶುರು ಮಾಡಲು ಬಾರದವನು ನನಗೆ ಬೇಡ ಎಂದು ಹೇಳಿ, ಅವನು ಅರಕೆರೆಯವನಿಗೆ ಕೆಲಸ ಕೊಟ್ಟುಹೋದ.

ಗಾಡಿಗೆ ಚೆಲ್ಲೊ ಹತ್ತಿಸುವಾಗ ಗೆಳೆಯ ನನ್ನ ಮುಖ ನೋಡದೆ, "ನಂಗೂ ಉಬ್ಬು ಎತ್ತುದ್ರು ಕಣ್ಲಾ. ನಾನು ಕಾಗ್ದ ನೋಡ್ಕೊಂಡು ನುಡುಸ್ತಾನೇ ಇದ್ದೆ" ಎಂದ.

ಒಳಗೆ ಬಂದರೆ ಭಾವ ನನ್ನ ಬೆನ್ನು ತಟ್ಟಿದರು. ಅಷ್ಟು ದೊಡ್ಡವರ ಎದುರಿಗೆ ನೀನು ನನ್ನ ಮರ್ಯಾದೆ ಉಳಿಸಿದೆ ಎಂದರು. ಅದನ್ನು ಅವರು ಮನಸಾರೆ ಹೇಳಿದರು, ಅದೇ ನನಗೆ ತಡೆಯಲಾಗಲಿಲ್ಲ. ಅವರ ಎದುರು ಜೀವನದಲ್ಲಿ ಮೊದಲ ಸಲ ದನಿ ಎತ್ತಿದೆ.

"ನನ್ ಪಾಲು ಕಿತ್ಕೊಂಡ್ಬುಟ್ರಲ್ಲ ಭಾವ."

ಅವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಅರ್ಥವಾಗದೆ ನನ್ನನ್ನು ನೋಡಿದರು.

"ನಾನೆಲ್ಲಿ ಕಿತ್ಕೊಂಡೆ? ನೀನೇ ಅಲ್ವೇನ್ಲಾ ಬುಟ್ಕೊಟ್ಟಿದ್ದು?"