ನಲವತ್ತು ದಾಟದ ಗಾಡಿ

ಗೋವಿಂದರಾಜನಗರದ ಚೈತ್ರ ಬೈಕ್ ಕಲಿತದ್ದು ಶೋಕಿಗಲ್ಲ. ಗಂಡ ಭೈರೇಶನನ್ನು ವಾರಕ್ಕೆರಡು ಸಲ ಅನ್ನಪೂರ್ಣೇಶ್ವರಿ ನಗರದ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಲು ಬೇರೆ ದಾರಿಯೇ ಉಳಿದಿರಲಿಲ್ಲ.

ಭೈರೇಶ ಇಪ್ಪತ್ತು ವರ್ಷ ಗೂಡ್ಸ್ ಟೆಂಪೋ ಓಡಿಸಿದವನು. ಸ್ಟಿಯರಿಂಗ್ ತನ್ನ ಕೈಯಲ್ಲಿದ್ದಷ್ಟು ದಿನ ಅವನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಪೆಟ್ಟಾದದ್ದು ಇನ್ನೊಬ್ಬನ ಬೈಕಿನ ಹಿಂದೆ ಕೂತಾಗ. ಕೆಂಗೇರಿಯಿಂದ ಬರುತ್ತಾ ಸ್ನೇಹಿತನ ಹೆಗಲ ಮೇಲಿಂದ ಇಣುಕಿದರೆ ಮೀಟರಿನ ಮುಳ್ಳು ತೊಂಬತ್ತರ ಹತ್ತಿರ ನಡುಗುತ್ತಿತ್ತು. ‘ನಿಧಾನ ಕಣೋ’ ಅನ್ನಲು ಬಾಯಿ ತೆರೆದದ್ದು ಅವನಿಗೆ ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ಸ್ನೇಹಿತ ತರಚಿದ ಗಾಯದಲ್ಲಿ ಪಾರಾದ. ಇವನ ಬಲಗಾಲಿಗೆ ರಾಡು ಹಾಕಬೇಕಾಯಿತು.

ಮೂಳೆ ಕೂಡಿತು, ಭಯ ಮಾತ್ರ ಬಿಡಲಿಲ್ಲ. ಆಟೋ ಹತ್ತಿಸಿದರೆ ಮೂಡಲಪಾಳ್ಯ ದಾಟುವಷ್ಟರಲ್ಲಿ ಅಂಗಿಯೆಲ್ಲ ಬೆವರು. “ನಿಲ್ಸಪ್ಪಾ, ಇಳೀತೀನಿ” ಎಂದು ನಡುರಸ್ತೆಯಲ್ಲೇ ಊರುಗೋಲು ಊರಿಬಿಡುತ್ತಿದ್ದ. ಇತ್ತ ಡಾಕ್ಟರು, ವ್ಯಾಯಾಮ ತಪ್ಪಿಸಿದರೆ ಮಂಡಿ ಮರಗಟ್ಟಿ ಮಡಚದಂತಾಗುತ್ತದೆ ಎಂದು ಎಚ್ಚರಿಸಿದ್ದರು. ಕೊನೆಗೆ ಭೈರೇಶನೇ ಒಂದು ಉಪಾಯ ಹೇಳಿದ.

“ನಮ್ ಹಳೇ ಬೈಕ್ ಇದ್ಯಲ್ಲ, ನೀನೇ ಓಡ್ಸು. ನಾನು ಹಿಂದೆ ಕೂತು ಮೀಟರ್ ನೋಡ್ತಾ ಇರ್ತೀನಿ. ನಲವತ್ತು ದಾಟಬಾರ್ದು, ಅಷ್ಟೇ.”

ಹೊಲಿಗೆ ಮೆಷಿನ್ ಬಿಟ್ಟು ಬೇರೆ ಯಂತ್ರ ಮುಟ್ಟದ ಚೈತ್ರ ಕ್ಲಚ್ಚು, ಗೇರು ಎಲ್ಲ ಕಲಿತಳು. ಲೈಸೆನ್ಸೂ ಮಾಡಿಸಿದಳು. ಮಳೆಗಾಲ ಮುಗಿಯುವವರೆಗೂ ಎಲ್ಲ ಸುಸೂತ್ರವಾಗಿ ನಡೆಯಿತು. ಹಿಂದಿನಿಂದ ಅವನು “ಮೂವತ್ತೆಂಟು... ಹಾಂ, ಸಾಕು ಸಾಕು” ಅನ್ನುವುದು, ಇವಳು ಕೈ ಸಡಿಲಿಸುವುದು.

ಒಂದು ಬುಧವಾರ ರಿಂಗ್ ರೋಡಿನಲ್ಲಿ ಆ ಮುಳ್ಳು ಹುಚ್ಚು ಹಿಡಿದ ಹಾಗೆ ಕುಣಿಯತೊಡಗಿತು. ಮೂವತ್ತು ಇದ್ದದ್ದು ಎಂಬತ್ತಕ್ಕೆ ಹಾರಿತು, ಕೆಳಗೆ ಬಿತ್ತು, ಮತ್ತೆ ತೊಂಬತ್ತಕ್ಕೆ ಏರಿತು.

“ಚೈತ್ರಾ! ನಿಲ್ಸೇ! ನಿಲ್ಸು!” ಭೈರೇಶ ಅವಳ ಎರಡೂ ಹೆಗಲು ಹಿಡಿದು ಹಿಂದಕ್ಕೆ ಎಳೆದ. ಹ್ಯಾಂಡಲ್ ವಾಲಿತು. ಹಿಂದೆ ಬರುತ್ತಿದ್ದ ಬಸ್ಸು ಕಿವಿ ಕಿತ್ತುಹೋಗುವಂತೆ ಹಾರ್ನ್ ಮಾಡುತ್ತಾ ಅವಳ ಮೊಣಕೈ ಸವರಿಕೊಂಡೇ ಮುಂದೆ ಹೋಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದಾಗ ಮುಳ್ಳು ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು. ಭೈರೇಶ ಫುಟ್‌ಪಾತಿನ ಮೇಲೆ ಕೂತುಬಿಟ್ಟ.

ಅಂದಿನಿಂದ ಅವನು ಗಾಡಿ ಹತ್ತಲು ಒಪ್ಪಲಿಲ್ಲ. “ಮೀಟರ್ ಸರಿಯಾಗ್ಲಿ, ಬರ್ತೀನಿ.” ಮನೆಯಲ್ಲಿ ಕಾಲು ಮಡಚಲು ಹೋದರೆ ಹಲ್ಲು ಕಚ್ಚುತ್ತಿದ್ದ. ಮಂಡಿ ದಿನದಿಂದ ದಿನಕ್ಕೆ ಬಿಗಿಯಾಗುತ್ತಿದ್ದುದು ಎಣ್ಣೆ ಹಚ್ಚುವ ಚೈತ್ರಳ ಕೈಗೆ ತಿಳಿಯುತ್ತಿತ್ತು. ಬ್ಲೌಸಿಗೆ ಹೊಲಿಗೆ ಹಾಕುವಾಗಲೂ ಅವಳ ಗಮನವೆಲ್ಲ ಆ ಮಂಡಿಯ ಮೇಲೇ.

ಭಾನುವಾರ ಗಂಡಹೆಂಡತಿ ಬಾಗಿಲ ಮುಂದೆ ಗಾಡಿಯ ಹತ್ತಿರ ಕೂತರು. ಅವನು ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಹೇಳಿದ, ಅವಳು ಸ್ಪ್ಯಾನರ್ ಹಿಡಿದು ಬಿಚ್ಚಿದಳು. ಮುಂದಿನ ಚಕ್ರದಿಂದ ಮೀಟರಿಗೆ ಹೋಗುವ ಕೇಬಲ್ಲನ್ನು ಮೇಲಿನ ತುದಿಯಲ್ಲಿ ಕಳಚಿ, ಚಕ್ರ ಎತ್ತಿ ತಿರುಗಿಸಿದಳು. ಒಳಗಿನ ತಂತಿ ಅಲುಗಲಿಲ್ಲ. ಮತ್ತೆ ಮೇಲೆ ಸಿಕ್ಕಿಸಿ, ಕೆಳಗಿನ ತುದಿ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಬೆರಳಲ್ಲಿ ತಂತಿಯನ್ನು ಜೋರಾಗಿ ಹೊಸೆದಾಗ ಮೇಲೆ ಮುಳ್ಳು ಮೆಲ್ಲಗೆ ಎದ್ದಿತು.

“ಎದ್ದಿತು ಕಣ್ರೀ!”

“ಹಂಗಾದ್ರೆ ಮೀಟರೂ ಸರಿ ಇದೆ, ಕೇಬಲ್ಲೂ ಸರಿ ಇದೆ. ಚಕ್ರದ ಹತ್ರ ಇರೋ ಗೇರ್ ಹಲ್ಲು ಹೋಗಿದೆ.”

ಗಾಡಿ ಮೂಡಲಪಾಳ್ಯದ ಅಮರೇಶನ ಗ್ಯಾರೇಜಿಗೆ ಹೋಯಿತು. ಲಿಂಗಸುಗೂರು ಕಡೆಯ ಅಮರೇಶ ಚಕ್ರ ಬಿಚ್ಚಿ, ಸವೆದು ನುಣ್ಣಗಾಗಿದ್ದ ಪ್ಲಾಸ್ಟಿಕ್ ಗೇರು ತೋರಿಸಿದ. “ಇಷ್ಟು ಹಳೇ ಗಾಡೀದು ಈಗ ಸಿಗೂದು ಕಷ್ಟ ಐತ್ರೀ ಅಕ್ಕಾರ. ಬ್ಯಾರೆ ಗಾಡೀದು ಐತಿ, ಕೂಡ್ತೈತಿ. ಹಾಕ್ಲೇನ್ರಿ?”

“ಮುಳ್ಳು ಏಳುತ್ತಾ?”

“ಏಳ್ತೈತ್ರಿ.”

“ಹಾಕಿಬಿಡಪ್ಪಾ.”

ಬುಧವಾರ ಭೈರೇಶ ಮತ್ತೆ ಗಾಡಿ ಹತ್ತಿದ. ಮುಳ್ಳು ಒಂದಿಷ್ಟೂ ನಡುಗದೆ ಮೂವತ್ತರ ಹತ್ತಿರ ನಿಂತಿತ್ತು. ಅವನು ಹೆಗಲು ಹಿಡಿದವನು ಮಾತೇ ಆಡಲಿಲ್ಲ. ಮೊದಮೊದಲು ಚೈತ್ರಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆಮೇಲೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಯಾವಾಗಲೂ ಇವರನ್ನು ಹಿಂದೆ ಹಾಕುತ್ತಿದ್ದ ಆಟೋಗಳು ಇವತ್ತು ಹಿಂದೆ ಉಳಿಯುತ್ತಿದ್ದವು. ದುಪಟ್ಟಾ ಪಟಪಟ ಬಡಿಯುತ್ತಿತ್ತು. ನಾಗರಭಾವಿ ಸರ್ಕಲ್ಲಿನಲ್ಲಿ ಕೆಂಪು ಬಿದ್ದಾಗ ಅವಳು ಎಂದಿನ ಜಾಗದಲ್ಲೇ ಬ್ರೇಕ್ ಒತ್ತಿದಳು. ಗಾಡಿ ನಿಲ್ಲಲಿಲ್ಲ. ಮುಂದಿನ ಕಾರಿಗೆ ಇನ್ನೇನು ತಾಗಿತು ಅನ್ನುವಷ್ಟರಲ್ಲಿ ನಿಂತಿತು.

ಆಗ ಅವಳಿಗೆ ಹೊಳೆಯಿತು. ಮೀಟರ್ ಮೂವತ್ತು ತೋರಿಸುತ್ತಿದ್ದರೂ ಗಾಡಿ ಐವತ್ತರ ಹತ್ತಿರ ಓಡುತ್ತಿತ್ತು. ಗೇರು ಕೂತಿತ್ತು, ಆದರೆ ಹಲ್ಲಿನ ಲೆಕ್ಕ ಬೇರೆ ಗಾಡಿಯದು.

ಅಲ್ಲಿಂದ ತೆವಳಿದ ಹಾಗೆ ಸೆಂಟರ್ ಮುಟ್ಟಿಸಿದಳು. ಅವನು ಒಳಗೆ ವ್ಯಾಯಾಮ ಮಾಡುವಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಹೇಳಿದರೆ ಅವನು ಇನ್ನೆಂದೂ ಹತ್ತಲಾರ. ಹೇಳದಿದ್ದರೆ? ನಿಧಾನವಾಗಿ ಓಡಿಸಿ ನಿಭಾಯಿಸಬಹುದು, ಅವನೂ ನೆಮ್ಮದಿಯಾಗಿರುತ್ತಾನೆ. ಆದರೆ ಹಿಂದೆ ಕೂತವನು ಆ ಮುಳ್ಳೊಂದನ್ನೇ ನಂಬಿ ಜೀವವನ್ನು ಅವಳ ಕೈಗೆ ಕೊಟ್ಟಿದ್ದಾನಲ್ಲ!

ಅವನು ಹೊರಗೆ ಬಂದು ಪಕ್ಕದಲ್ಲಿ ಕೂತ. ಮಂಡಿ ಸ್ವಲ್ಪ ಮಡಚಿತ್ತು, ಮುಖದಲ್ಲಿ ನೋವಿತ್ತು.

“ರೀ, ಒಂದ್ ಮಾತು ಹೇಳ್ತೀನಿ, ಗಾಬರಿ ಆಗ್ಬೇಡಿ. ಮೀಟರ್ ಕಮ್ಮಿ ತೋರಿಸ್ತಾ ಇದೆ. ನಾವು ಬರುವಾಗ ಜಾಸ್ತಿ ಸ್ಪೀಡಲ್ಲಿ ಬಂದ್ವಿ. ನಂಗೆ ಸಿಗ್ನಲ್ಲಲ್ಲಿ ಗೊತ್ತಾಯ್ತು.”

ಭೈರೇಶ ಕಾಲು ನೀವಿಕೊಳ್ಳುತ್ತಾ ಹೇಳಿದ: “ನಂಗೆ ಮೊದ್ಲೇ ಗೊತ್ತಾಯ್ತು ಕಣೇ. ಮುಖಕ್ಕೆ ಹೊಡೆಯೋ ಗಾಳೀಲೇ ತಿಳಿಯುತ್ತೆ. ಇಪ್ಪತ್ತು ವರ್ಷ ಗಾಡಿ ಓಡ್ಸಿಲ್ವಾ?”

“ಮತ್ತೆ ಯಾಕೆ ಸುಮ್ನಿದ್ರಿ?”

“ಅವತ್ತು ನಾನು ಎಳೆದಾಗ ಬಸ್ಸು ನಿನ್ನ ಸವರ್ಕೊಂಡು ಹೋಯ್ತಲ್ಲ.” ಅವನು ನೆಲ ನೋಡಿದ. “ಮತ್ತೆ ಕೂಗಿದ್ರೆ ನಾನೇ ನಿನ್ನ ಬೀಳಿಸ್ತೀನೇನೋ ಅಂತ ಭಯ ಆಯ್ತು. ಕಣ್ಣು ಮುಚ್ಕೊಂಡು ಕೂತಿದ್ದೆ.”

ಚೈತ್ರಳಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. “ಇನ್ಮೇಲೆ ಭಯ ಆದ್ರೆ ಹೆಗಲು ತಟ್ಟಿ. ಎಳೀಬೇಡಿ, ಕೂಗ್ಬೇಡಿ. ತಟ್ಟಿದ್ರೆ ನಾನು ಪಕ್ಕಕ್ಕೆ ಹಾಕ್ತೀನಿ.”

“ಆಯ್ತು.”

ಮನೆ ಸೇರುವುದರೊಳಗೆ ಅವನು ನಾಲ್ಕೈದು ಸಲ ತಟ್ಟಿದ. ತಟ್ಟಿದಾಗೆಲ್ಲ ಅವಳು ನಿಲ್ಲಿಸಿದಳು. ಒಮ್ಮೆ ಎಳನೀರಿನ ಗಾಡಿಯ ಹತ್ತಿರ ನಿಂತು ಎಳನೀರು ಕುಡಿದರು.

ಕೆಲವು ದಿನಗಳ ಮೇಲೆ ಅಮರೇಶ ಜೆ.ಸಿ. ರಸ್ತೆಯ ಹಳೇ ಸಾಮಾನಿನ ಅಂಗಡಿಯಿಂದ ಆ ಗಾಡಿಯದೇ ಗೇರು ಹುಡುಕಿ ತಂದು ಹಾಕಿದ. ಸರಿಯಿದೆಯೇ ಎಂದು ತನ್ನ ಗಾಡಿ ಪಕ್ಕದಲ್ಲೇ ಓಡಿಸಿ, ಎರಡೂ ಮೀಟರ್ ಹೋಲಿಸಿಯೂ ನೋಡಿದ. ಭೈರೇಶ ಇನ್ನೂ ನಲವತ್ತರ ಗೆರೆ ದಾಟಲು ಬಿಡುವುದಿಲ್ಲ. ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುತ್ತದೆ. ಟೆಂಪೋ ಮತ್ತೆ ಓಡಿಸುತ್ತಾನೋ ಇಲ್ಲವೋ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ರಿಂಗ್ ರೋಡ್ ಹತ್ತುವ ಮುಂಚೆ ಚೈತ್ರ “ಕೂತ್ಕೊಂಡ್ರಾ?” ಎಂದು ಕೇಳುತ್ತಾಳೆ. ಅವನು “ಹೂಂ” ಅಂದ ಮೇಲೆಯೇ ಗೇರ್ ಹಾಕುತ್ತಾಳೆ.