ಹುಲಿಯ ಫೋಟೊ, ಅಪ್ಪನ ಫೋಟೊ

ನಾನು ಶಹಾಪುರದಲ್ಲಿ ಫೋಟೊ ಸ್ಟುಡಿಯೋ ಇಡುವ ಹೊತ್ತಿಗೆ ಕಾಲುವೆ ನೀರು ಬಂದು ನಮ್ಮ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ಮದುವೆ, ಬಸುರಿಯರ ಕುಬಸ, ಮಕ್ಕಳ ಜವಳ, ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಒಂದು ಕೆಲಸಕ್ಕೆ ಕರೆದರೆ ಮಾತ್ರ ಸಿಟ್ಟು ಬರುತ್ತಿತ್ತು. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಹಳ್ಳಿಯ ಮುದುಕರು ಬದುಕಿದ್ದಾಗ ಕ್ಯಾಮೆರಾ ಮುಂದೆ ಕೂಡುತ್ತಿರಲಿಲ್ಲ. ಸತ್ತ ಮೇಲೆ ಗೋಡೆಗೆ ಆನಿಸಿ ಕೂಡಿಸಿ, ಹಾರ ಹಾಕಿ, “ಲಗೂನ ಬರ್ರಿ” ಎಂದು ಮಂದಿ ಹೇಳಿ ಕಳಿಸುತ್ತಿದ್ದರು. ನನ್ನ ಅವ್ವನ ಫೋಟೊವನ್ನೂ ಹಾಗೆಯೇ ತೆಗೆದೆ. ಇರುವುದು ಅದೊಂದೇ, ಕಣ್ಣು ಮುಚ್ಚಿದ್ದು. ದೀಪದ ಬುಡಕ್ಕೆ ಕತ್ತಲು ಅಂತಾರಲ್ಲ, ಅದು ನನ್ನ ಮನೆಯ ಕಥೆ.

ಇನ್ನುಳಿದವನು ಅಪ್ಪ. ಕಕ್ಕೇರಾದ ಗದ್ದೆಗಳಿಗೆ ನೀರು ಕಟ್ಟುತ್ತಿದ್ದ ಅವನಿಗೂ ವಯಸ್ಸಾಗಿತ್ತು. ಕ್ಯಾಮೆರಾ ಕಂಡರೆ ಟವೆಲ್ಲು ಮುಖಕ್ಕೆಳೆದುಕೊಳ್ಳುತ್ತಿದ್ದ. “ನಮ್ಮಣ್ಣ ಯಾದಗಿರಿಗಿ ಹೋಗಿ ಫೋಟೊ ತೆಗಿಸ್ಕೊಂಡ, ತಿಂಗಳದಾಗ ಸತ್ತ. ನನ್ನೂ ಕಳಸಬೇಕಂತಿಯೇನು?” ಎಂದು ಬೈಯುತ್ತಿದ್ದ. ಇವನನ್ನೂ ಕಣ್ಣು ಮುಚ್ಚಿದ ಮೇಲೆಯೇ ತೆಗೆಯಬೇಕಾದೀತೆಂದು ನನಗೆ ಹೆದರಿಕೆ.

ಬೋನಾಳ ಕೆರೆಯ ಹಕ್ಕಿಗಳ ಹುಚ್ಚು ಹಿಡಿದ ಮಾಸ್ತರೊಬ್ಬರು ನನ್ನ ಗೆಳೆಯರು. ಒಮ್ಮೆ ನನ್ನನ್ನು ನಾಗರಹೊಳೆಗೆ ಎಳೆದುಕೊಂಡು ಹೋದರು. ಎರಡು ದಿನ ಬರೀ ಜಿಂಕೆ, ಧೂಳು. ಮೂರನೆಯ ಬೆಳಿಗ್ಗೆ ಹೊಂಡದ ದಂಡೆಯಲ್ಲಿ ಹುಲಿ ಮಲಗಿತ್ತು. ಅಬ್ಬಬ್ಬಾ! ಜೀಪಿನಲ್ಲಿದ್ದವರೆಲ್ಲ ಪಟಪಟನೆ ತೆಗೆಯುತ್ತಿದ್ದರು. ಹುಲಿ ಆ ಕಡೆ ಮುಖ ಮಾಡಿತ್ತು. ನನಗೋ ಸ್ಟುಡಿಯೋದ ಚಟ, ಮುಖ ನೆಟ್ಟಗಾಗದೆ ಬಟನ್ ಒತ್ತಲಾರೆ. ಬಾಯಿ ತಪ್ಪಿ ಅಂದುಬಿಟ್ಟೆ: “ಸ್ವಲ್ಪ ಇತ್ಲಾಗ ನೋಡ್ರಿ.”

ಡ್ರೈವರ್ ನನ್ನತ್ತ ಕಣ್ಣು ಕೆಕ್ಕರಿಸಿದ. ಹುಲಿಯೂ ನೋಡಿತು. ಒಂದೇ ಒಂದು ತೆಗೆದೆ.

“ಹುಲಿಗಿ ಭಾಳ ಮರ್ಯಾದಿ ಕೊಟ್ರಲ್ರಿ!” ಎಂದು ಮಾಸ್ತರು ಊರು ಮುಟ್ಟುವ ತನಕ ನಕ್ಕರು.

“ಕೊಡದಿದ್ರ ನಡಿತದೇನ್ರಿ?” ಅಂದೆ.

ಕೆಲವು ತಿಂಗಳ ಮೇಲೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿಗೆ ಒಯ್ದೆ. ಹರಿದ ಕಿವಿ, ಮೀಸೆಯ ಮೇಲೆ ನೀರ ಹನಿ, ನಮ್ಮನ್ನೇ ನೋಡುವ ಕಣ್ಣು. ಅಪ್ಪ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಸತ್ತದ್ದನ್ನ ಕೂಡ್ಸಿ ತೆಗೆದಿಯೇನು?”

“ಇಲ್ಲಪ್ಪ, ಜೀವಂತ ಇತ್ತು.”

“ತೆಗೆದ ಮ್ಯಾಲ ಏನಾತು ಇದಕ್ಕ?”

“ಏನಾಗ್ತದ? ಮೈ ಮುರಿದು ಎದ್ದು ನೀರು ಕುಡಿದು ಹೋತು. ಮೊನ್ನಿ ಮಾಸ್ತರು ಮತ್ತ ಹೋಗಿದ್ರು. ಕಿವಿ ನೋಡಿ ಗುರ್ತು ಹಿಡಿದಾರ. ಎರಡು ಮರಿ ಕರಕೊಂಡು ಅಡ್ಡಾಡಾಕತ್ತದಂತ.”

ಅಪ್ಪ ಫೋಟೊ ನನ್ನ ಕೈಗಿಟ್ಟು ಸರಕ್ಕನೆ ಒಳಗೆ ಹೋದ. ಸಿಟ್ಟಾದನೆಂದುಕೊಂಡೆ. ಆದರೆ ಹೊಸ ರುಮಾಲು ಸುತ್ತಿಕೊಂಡು ಬಂದು ಅಂಗಳದ ಕುರ್ಚಿಯಲ್ಲಿ ಕೂತ.

“ಹೂಂ, ತೆಗಿ.”

ನನಗೆ ಅಳು ಒತ್ತರಿಸಿ ಬಂದು ಎದುರಿಗೇನೂ ಕಾಣಲಿಲ್ಲ. ಕಣ್ಣೊರೆಸಿಕೊಂಡು ಬಟನ್ ಒತ್ತಿದೆ. ಅಪ್ಪ ಕೂತಲ್ಲೇ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡ.

“ಅದೀನಿ,” ಅಂದ. “ಇನ್ನೊಂದು ತೆಗಿ.”