ಜೊಹರಾಳ ಹಕ್ಕಿ ಮರೆತಿರಲಿಲ್ಲ

ಜೊಹರಾಳ ಹಕ್ಕಿ ಅವಳನ್ನು ಮರೆತಿರಲಿಲ್ಲ. ಮರೆತಿದೆ ಎಂದು ಹೇಳಿದವಳು ನಾನು. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಬನ್ನಂಜೆಯಲ್ಲಿ ನಮ್ಮ ಎರಡು ಮನೆಗಳ ಬಾಗಿಲುಗಳು ಎದುರುಬದುರು. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಜೊಹರಾ ನನಗಿಂತ ಬಹಳ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳ ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ಮಗಳು ಮದುವೆಯಾಗಿ ಶಾರ್ಜಾಕ್ಕೆ ಹೋದ ಮೇಲೆ ಜೊಹರಾ ಗಿಣಿ ಜಾತಿಯ ಒಂದು ಕಾಕಟೀಲ್ ತಂದಳು. ಬೂದು ಮೈ, ಹಳದಿ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು ಇಟ್ಟಂಥ ಹಕ್ಕಿ.

ಅದನ್ನು ಪಳಗಿಸಲು ಅವಳಿಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಗೂಡಿನ ಪಕ್ಕ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹಕ್ಕಿಯ ಕಡೆ ನೋಡುತ್ತಲೂ ಇರಲಿಲ್ಲ. ಆಮೇಲೆ ಗೂಡಿನ ಬಾಗಿಲಲ್ಲಿ ಸುಮ್ಮನೆ ಕೈ ಇಡುವುದು. ಆಮೇಲೆ ಆ ಕೈಯಲ್ಲಿ ಒಂದು ನವಣೆ ತೆನೆ.

“ಎಂತ ಮಾರಾಯ್ತಿ, ಇಷ್ಟು ಹೊತ್ತಿಗೆ ಒಂದು ಮಗುವಿಗೆ ಮಗ್ಗಿ ಕಲಿಸಬಹುದಿತ್ತು,” ಎಂದೆ.

“ನಾನು ಕರೆಯುವುದಿಲ್ಲ ಅಕ್ಕ. ಅದೇ ಬರಲಿ.”

ಬಂತು. ಒಂದು ಸಂಜೆ ಅವಳ ಬೆರಳಿನ ಮೇಲೆ ಹತ್ತಿ ಕುಳಿತಿತು. ಅವಳು ಉಸಿರು ಬಿಗಿಹಿಡಿದು ಕಣ್ಣಲ್ಲೇ ನನ್ನನ್ನು ಕರೆದಳು.

ಮಗಳ ಹೆರಿಗೆಗೆಂದು ಜೊಹರಾ ಶಾರ್ಜಾಕ್ಕೆ ಹೊರಟಾಗ ಗೂಡು ನನ್ನ ಮನೆಗೆ ಬಂತು. ಅವಳು ಹೇಳಿದ್ದು ಒಂದೇ ಮಾತು: “ಹೊರಗೆ ಬಿಟ್ಟರೆ ಹಿಡೀಲಿಕ್ಕೆ ಹೋಗಬೇಡಿ ಅಕ್ಕ. ಹಸಿವಾದಾಗ ಅದೇ ಗೂಡಿಗೆ ಹೋಗ್ತದೆ.”

ಆದರೆ ನನ್ನ ಮನೆಯಲ್ಲಿ ಪ್ರತಿಯೊಂದಕ್ಕೂ ಹೊತ್ತುಂಟು. ದೀಪ ಹಚ್ಚುವ ಮೊದಲು ಗೂಡಿನ ಬಾಗಿಲು ಮುಚ್ಚಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಒಂದು ದಿನ ಹಕ್ಕಿ ಪರದೆಯ ಸರಳಿನ ಮೇಲೆ ಕುಳಿತು ಇಳಿಯಲೇ ಇಲ್ಲ. ನಾನು ಸ್ಟೂಲು ಹತ್ತಿ ಟವೆಲು ಹಾಕಿ ಹಿಡಿದೆ. ವಾರ್ಡಿನಲ್ಲಿ ಇಂಜೆಕ್ಷನ್ ಚುಚ್ಚುವಾಗ ಕೈಕಾಲು ಬಡಿಯುವ ಮಕ್ಕಳನ್ನು ಹೀಗೆಯೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದೆ — ಮುಖ ಮಾತ್ರ ಹೊರಗೆ. ಕೆಲಸ ಮುಗಿದ ಮೇಲೆ ಒಂದು ಬಿಸ್ಕೆಟ್ ಕೊಟ್ಟರೆ ಅಳು ನಿಲ್ಲುತ್ತಿತ್ತು. ಮಕ್ಕಳು ಮರೆಯುತ್ತಾರೆಂದೇ ನಾನು ತಿಳಿದಿದ್ದೆ. ಈಗ ಅದೂ ನಿಜವೋ ಅಲ್ಲವೋ ಗೊತ್ತಿಲ್ಲ.

ಹಕ್ಕಿ ಕೂಗಲಿಲ್ಲ. ಟವೆಲಿನೊಳಗೆ ಅದರ ಎದೆ ಬಡಿದುಕೊಳ್ಳುವುದು ನನ್ನ ಹೆಬ್ಬೆರಳಿಗೆ ತಿಳಿಯುತ್ತಿತ್ತು. ತಿಳಿದೂ ಮರುದಿನ ಹಾಗೆಯೇ ಹಿಡಿದೆ. ಸುಲಭವಾಗಿತ್ತು, ಅಷ್ಟೇ. ದಿನವೂ ಹಿಡಿದೆ. ಸ್ವಲ್ಪ ದಿನಗಳಲ್ಲೇ ಕಾಳು ಹಾಕಲು ಕೈ ಚಾಚಿದರೂ ಅದು ಗೂಡಿನ ಹಿಂದಿನ ಮೂಲೆಗೆ ಒತ್ತಿಕೊಳ್ಳತೊಡಗಿತು. ಆಮೇಲೆ ಅದನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದೆ. ಫೋನಿನಲ್ಲಿ ಜೊಹರಾ ಕೇಳಿದಾಗಲೆಲ್ಲ “ಆರಾಮ ಉಂಟು” ಎಂದೆ.

ಊರಿಗೆ ಬಂದವಳು ತನ್ನ ಮನೆಯ ಬೀಗವನ್ನೂ ತೆಗೆಯದೆ ನೇರ ನನ್ನಲ್ಲಿಗೆ ಬಂದಳು. ಗೂಡಿನೊಳಗೆ ಕೈ ಇಟ್ಟಳು. ಹಕ್ಕಿ ಜುಟ್ಟನ್ನು ತಲೆಗೆ ಅಂಟಿಸಿ, ಬುಸುಗುಟ್ಟಿ, ಬೆರಳನ್ನು ಕಚ್ಚಿತು. ರಕ್ತ ಬಂತು.

“ಇದಕ್ಕೆ ಎಂತ ಆಯ್ತು ಅಕ್ಕ?”

“ಎಂತ ಆಗ್ಲಿಕ್ಕುಂಟು? ಇಷ್ಟು ತಿಂಗಳು ಬಿಟ್ಟು ಹೋದರೆ ಮರೀತದೆ. ಹಕ್ಕಿ ಅಲ್ವಾ?”

ಹೀಗೆ ಹೇಳುತ್ತಲೇ ಅವಳ ಬೆರಳಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿದೆ.

ಅವಳು ಮತ್ತೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಳು. ಆದರೆ ಮೊದಲಿನ ತಾಳ್ಮೆ ಇರಲಿಲ್ಲ. ಬಿಟ್ಟು ಹೋದ ತಪ್ಪು ತನ್ನದೆಂದು ನಂಬಿದ್ದಳಲ್ಲ. ಕೊನೆಗೆ ಹಕ್ಕಿಯನ್ನು ಬೆಳ್ಮಣ್ಣಿನಲ್ಲಿರುವ ನಾದಿನಿಗೆ ಕೊಟ್ಟಳು. ಮೆಟ್ಟಿಲಿಳಿಯುವಾಗ ಗೂಡಿನ ಒಂದು ಬದಿ ಹಿಡಿದವಳು ನಾನೇ. ಈಗ ಅದು ನಾದಿನಿಯ ಹೆಗಲ ಮೇಲೆ ಕುಳಿತು ಸಿಳ್ಳೆ ಹಾಕುತ್ತದಂತೆ. “ನೋಡಿ ಅಕ್ಕ, ಅದಕ್ಕೆ ಆಗದ್ದು ನನ್ನ ಕೈ ಮಾತ್ರ,” ಎಂದು ನಕ್ಕಳು. ನಾನೂ ಜೊತೆಗೆ ನಕ್ಕೆ.

ವರ್ಷಗಳು ಕಳೆದಿವೆ. ಜೊಹರಾಳ ಮಗಳು ಈಗ ಎರಡನೆಯ ಬಾರಿ ಬಸುರಿ, ತಾಯಿಯನ್ನು ಕರೆಯುತ್ತಿದ್ದಾಳೆ. ಮೊನ್ನೆ ವಿಡಿಯೋ ಕಾಲಿನಲ್ಲಿ ಮೊಮ್ಮಗಳು ಅಜ್ಜಿಯ ಮುಖ ಕಂಡು ತಾಯಿಯ ಹಿಂದೆ ಅಡಗಿಕೊಂಡಳು. ಫೋನಿಟ್ಟ ಜೊಹರಾ, “ನಾನು ಹೋಗುವುದಿಲ್ಲ ಅಕ್ಕ. ಹತ್ತಿರ ಮಾಡಿಕೊಂಡು ಮತ್ತೆ ಬಿಟ್ಟು ಬರಲಿಕ್ಕೆ ನನ್ನಿಂದ ಆಗುವುದಿಲ್ಲ. ಬಿಟ್ಟು ಬಂದರೆ ಮರೀತಾರೆ. ನೀವೇ ಹೇಳಿದ್ದಲ್ವಾ?” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು — ಮೊದಲಿನದಕ್ಕಿಂತ ದೊಡ್ಡ ತಪ್ಪು ಅದೇ ಇರಬೇಕು.

ಇದನ್ನು ಬರೆದು ಮುಗಿಸಿ ಎದುರು ಬಾಗಿಲು ತಟ್ಟುತ್ತೇನೆ. ಅವಳು ಚಹಾ ಇಡಲು ಏಳುತ್ತಾಳೆ. ಏಳಲು ಬಿಡಬಾರದು, ಅದಕ್ಕೂ ಮೊದಲೇ ಹೇಳಬೇಕು. ಕೇಳಿದ ಮೇಲೆ ಅವಳು ನನ್ನನ್ನು ಅಕ್ಕ ಎನ್ನದಿದ್ದರೂ ಸರಿ, ಶಾರ್ಜಾಕ್ಕೆ ಹೊರಡಲಿ.